ಕ್ವಾರಂಟೈನ್‌ಗೆ ಎಷ್ಟು ಹಾಸಿಗೆ ಬೇಕು?

2020ರ ಮೇ 19ರಂದು ಕರ್ನಾಟಕದಲ್ಲಿ ಒಂದೇ ದಿನ 149 ಕೋವಿಡ್ ಕೇಸ್ ಬಂದವು. ಅದರಲ್ಲಿ 71 ನಮ್ಮ ಮಂಡ್ಯ ಜಿಲ್ಲೆಯವು, ಬಹುಪಾಲು ಮುಂಬೈಯಿಂದ ಊರಿಗೆ ವಾಪಸ್ ಬಂದವರದ್ದು. ಕೆ.ಆರ್.ಪೇಟೆ ಕಡೆಯಿಂದ ದುಡಿಯೋಕೆ ಮುಂಬೈಗೆ ಹೋಗೋದು ಹೊಸದೇನಲ್ಲ. ಬಂದವರನ್ನು ಹಾಸ್ಟೆಲ್‌ಗಳಲ್ಲಿ ಇರಿಸಿದರು. ಹಾಗಾದರೆ ಮೊದಲೇ ಎಷ್ಟು ಹಾಸಿಗೆ ರೆಡಿ ಇಟ್ಟಿರಬೇಕು?

ಇದಕ್ಕೆ ಲಿಟಲ್ಸ್ ಲಾ ಸಾಕು. ಜಾನ್ ಲಿಟಲ್ 1961ರಲ್ಲಿ ಪ್ರೂವ್ ಮಾಡಿದ್ದು. ಒಳಗಿರುವವರ ಸರಾಸರಿ ಸಂಖ್ಯೆ = ದಿನಕ್ಕೆ ಬರುವವರು × ಒಬ್ಬರು ಉಳಿಯುವ ದಿನಗಳು. ಅಷ್ಟೇ.

ಕೆ.ಆರ್.ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿಯನ್ನೇ ತಗೊಳ್ಳೋಣ. ಲೆಕ್ಕಕ್ಕೋಸ್ಕರ ದಿನಕ್ಕೆ 20 ಜನ ಬರ್ತಾರೆ ಅಂದುಕೊಳ್ಳೋಣ. 14 ದಿನ ಇಟ್ಟರೆ 280 ಹಾಸಿಗೆ, 7 ದಿನಕ್ಕೆ 140. ಟೆಸ್ಟ್ ರಿಪೋರ್ಟ್ 3 ದಿನ ಲೇಟಾಗಿ ಎಲ್ಲರೂ ಒಳಗೇ ಉಳಿದರೆ ಇನ್ನೂ 60 ಬೇಕು! ಅಂದರೆ ಲ್ಯಾಬ್ ನಿಧಾನವಾದರೆ ಹಾಸ್ಟೆಲ್ ತುಂಬುತ್ತೆ. ಹಾಗಾಗಿ ಮಂಚಗಳನ್ನಷ್ಟೇ ಎಣಿಸಿದರೆ ಸಿದ್ಧತೆ ಆಗಲ್ಲ; ಸ್ವಾಬ್ ತೆಗೆಯೋರು, ಸ್ಯಾಂಪಲ್ ಸಾಗಿಸೋ ಗಾಡಿ, ಇವೂ ಅದೇ ಲೆಕ್ಕದೊಳಗೆ ಬರುತ್ತವೆ.

ಒಂದು ತೊಡಕಿದೆ. ಸೂತ್ರ ಕೊಡೋದು ಸರಾಸರಿ ಮಾತ್ರ. ಬಸ್ಸುಗಳು ಸರಾಸರಿ ನೋಡ್ಕೊಂಡು ಬರಲ್ಲ, ಒಂದೇ ರಾತ್ರಿ 60 ಜನ ಇಳಿಯಬಹುದು. ಇನ್ನು ಬಾತ್‌ರೂಮ್ ಕಾಮನ್ ಆಗಿದ್ದರೆ, ಒಬ್ಬರಿಗೆ ಪಾಸಿಟಿವ್ ಬಂದ ಕೂಡಲೇ ಜೊತೆಗಿದ್ದವರ ದಿನಗಳನ್ನು ಮತ್ತೆ ಒಂದರಿಂದ ಎಣಿಸಬೇಕಾಗಬಹುದು.

2020ರಲ್ಲಿ ಶಾಲೆ ಮುಚ್ಚಿದ್ದರಿಂದ ಹಾಸ್ಟೆಲ್ ಖಾಲಿ ಇದ್ದವು. ಮುಂದಿನ ಸಲ ಮಕ್ಕಳು ಒಳಗಿರುವಾಗಲೇ ಹೀಗಾದರೆ ಆ 280 ಜನರನ್ನು ಎಲ್ಲಿಗೆ ಕಳಿಸೋದು? ಕಟ್ಟಡದ ಹೆಸರು, ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದು ಈಗಲೇ ಪಂಚಾಯಿತಿಯಲ್ಲಿ ಬರೆದಿಟ್ಟಿರಬೇಕು.