ಹೋಟೆಲು ಬಿಟ್ಟರೂ ಶಾಲೆ ಬಿಡಲಿಲ್ಲ

ಅಳಿಯಾ, ಮೊನ್ನೆ ಭಾನುವಾರ ಊಟಕ್ಕೆ ಕೂತವನು ಅನ್ನಕ್ಕೆ ಕೈ ಹಾಕುವ ಮೊದಲೇ ಮೊಬೈಲ್ ತೆಗೆದು ಆಫರ್ ಲೆಟರ್ ತೋರಿಸಿದೆ. ನಲವತ್ತು ಪರ್ಸೆಂಟ್ ಹೈಕ್, ಲೋವರ್ ಪರೇಲ್‌ನಲ್ಲಿ ಆಫೀಸು, ಒಂದು ತಿಂಗಳೊಳಗೆ ಸೇರಬೇಕು. ನಿನ್ನಮ್ಮ ಅಡುಗೆಮನೆಯಿಂದಲೇ, "ಅಣ್ಣಾ, ನೀನಾದರೂ ಬುದ್ಧಿ ಹೇಳು ಇವನಿಗೆ. ನೀನು ಒಂದೇ ಕಂಪನಿಯಲ್ಲಿ ಹದಿನೆಂಟು ವರ್ಷ ಇರಲಿಲ್ಲವಾ?" ಎಂದಳು. ನಾನು ಬಂಗುಡೆಯ ಮುಳ್ಳು ಬಿಡಿಸುತ್ತ ಸುಮ್ಮನಿದ್ದೆ. ನನ್ನ ತಂಗಿ ಆ ಹದಿನೆಂಟು ವರ್ಷವನ್ನು ಊರಿಗೆಲ್ಲ ಹೇಳಿಕೊಂಡು ಬಂದವಳು. ಅವಳೆದುರು ಆ ಕತೆಯ ಹಿಂದುಮುಂದು ಬಿಡಿಸಲು ಮನಸ್ಸಾಗಲಿಲ್ಲ. ಈಗ ನಿನಗೊಬ್ಬನಿಗೇ ಬರೆಯುತ್ತಿದ್ದೇನೆ.

ಮೊನ್ನೆ ರಾತ್ರಿ ಮಲಗಿ ಲೆಕ್ಕ ಹಾಕಿದೆ. ನಿನ್ನ ಈ ಮಾವ ಕೆಲಸ ಮಾಡಿದ್ದು ಒಟ್ಟು ಒಂಬತ್ತು ಕಡೆ ಮಾರಾಯ! ಮೂರು ಹೋಟೆಲು, ಒಂದು ವರ್ಕ್‌ಶಾಪು, ಒಂದು ಫ್ಯಾಕ್ಟರಿ, ಆಮೇಲೆ ನಾಲ್ಕು ಸಣ್ಣಪುಟ್ಟ ಆಫೀಸು. ನಮ್ಮ ಕಾಲದವರು ಒಂದೇ ಕಡೆ ಬೇರು ಬಿಟ್ಟವರು ಎಂಬುದು ನಾವು ರಿಟೈರ್ ಆದಮೇಲೆ ಕಟ್ಟಿದ ಕತೆ. ಬ್ಯಾಂಕು, ಸರ್ಕಾರಿ ನೌಕರಿ ಸಿಕ್ಕ ಕೆಲವರ ಪಾಲಿಗೆ ಅದು ನಿಜವಿರಬಹುದು. ನಮ್ಮ ಹುಡುಗರ ಪಾಲಿಗೆ ಅಲ್ಲ. ಆ ಬ್ಯಾಂಕುಗಳಾದರೂ ಎಲ್ಲಿವೆ ಹೇಳು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ ಒಂದಕ್ಕೆ ಬ್ಯಾಂಕ್ ಆಫ್ ಬರೋಡಾ ಆಯಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಹೋಗಿ ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಮಂಗಳೂರು, ಉಡುಪಿಯಲ್ಲಿ ಹುಟ್ಟಿದ ಮೂರು ಹೆಸರುಗಳು ಒಂದು ವರ್ಷದೊಳಗೆ ಬೋರ್ಡಿನಿಂದ ಅಳಿಸಿಹೋದವು. ಕೆಲಸ ಬಿಡದೆ ಕುರ್ಚಿಯಲ್ಲಿ ಕೂತಿದ್ದವರ ಕಂಪನಿಯೇ ಎದ್ದು ಹೋಯಿತು. ಹಾಗಾಗಿ ಕೆಲಸ ಬದಲಾಯಿಸುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನಗೇ ನಗು ಬರುತ್ತದೆ.

ನಾನು 1971ರಲ್ಲಿ ಮುಂಬೈಗೆ ಬಂದಾಗ ಹದಿಮೂರು ವರ್ಷ. ಫೋರ್ಟಿನ ಒಂದು ಹೋಟೆಲಿನ ಮೋರಿಯಲ್ಲಿ ಪ್ಲೇಟು ತೊಳೆಯುವ ಕೆಲಸ. ಬೆಳಿಗ್ಗೆ ಐದಕ್ಕೆ ಶುರುವಾದರೆ ರಾತ್ರಿ ಒಂಬತ್ತರ ತನಕ. ಆಗ ಮುಂಬೈಯಲ್ಲಿ ನಮ್ಮವರ ರಾತ್ರಿ ಶಾಲೆಗಳಿದ್ದವು. ಮೊಗವೀರರದ್ದು, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಫೋರ್ಟಿನ ಕನ್ನಡ ಭವನ, ಹೀಗೆ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದರು. ಪಾಠ ಹೇಳುವ ಮೇಷ್ಟ್ರೂ ಹಗಲು ಎಲ್ಲೋ ಆಫೀಸಿನಲ್ಲಿ ದುಡಿದು ಬಂದವರೇ. ನನಗೆ ಹೆಸರು ಹಚ್ಚಬೇಕೆಂದು ಆಸೆ, ಆದರೆ ಧಣಿ ಬಿಡುತ್ತಿರಲಿಲ್ಲ. ಸಂಜೆ ಹೊತ್ತು ಗಿರಾಕಿ ಜಾಸ್ತಿ, ಅವರದ್ದೂ ತಪ್ಪೇನಲ್ಲ.

ಆಗ ಊರಿನ ಒಬ್ಬ ಸಪ್ಲಾಯರ್ ಅಣ್ಣ ಕಿವಿಯಲ್ಲಿ ಹೇಳಿದ, "ಗಲ್ಲಿ ದಾಟಿ ಇನ್ನೊಂದು ಹೋಟೆಲಿದೆ. ಐದು ರೂಪಾಯಿ ಕಮ್ಮಿ ಕೊಡುತ್ತಾರೆ, ಆದರೆ ಆರು ಗಂಟೆಗೆ ಬಿಡುತ್ತಾರೆ." ಮರುದಿನವೇ ಟ್ರಂಕು ಹೊತ್ತುಕೊಂಡು ಅಲ್ಲಿಗೆ ಹೋದೆ. ಕಡಿಮೆ ಸಂಬಳಕ್ಕೆ ಕೆಲಸ ಬದಲಾಯಿಸಿದವನು ನಾನು, ಗೊತ್ತಾಯಿತಾ? ಎರಡು ವರ್ಷದ ಮೇಲೆ ಆ ಹೋಟೆಲು ಕೈ ಬದಲಾಯಿತು, ಹೊಸ ಧಣಿ ಸಂಜೆ ಬಿಡಲಿಲ್ಲ, ನಾನು ಮೂರನೆಯದಕ್ಕೆ ಹೋದೆ. ಆಗ ಹೊಸ ಹೋಟೆಲಿಗೆ ಹೋದ ಹುಡುಗನ ಹತ್ತಿರ ನಾವು ಮೊದಲು ಕೇಳುತ್ತಿದ್ದದ್ದು ಸಂಬಳವನ್ನಲ್ಲ. "ಆರಕ್ಕೆ ಬಿಡ್ತಾರಾ?" ಅಷ್ಟೇ.

ಶಾಲೆಯಲ್ಲಿ ಕೂತಾಗಿನ ಒಂದು ಸಂಗತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಇಡೀ ದಿನ ಸೋಡಾ ಹಾಕಿದ ನೀರಿನಲ್ಲಿ ಕೈಯಿಟ್ಟು ಬೆರಳ ತುದಿಗಳೆಲ್ಲ ಬಿಳುಚಿ ಸುಕ್ಕುಗಟ್ಟಿರುತ್ತಿದ್ದವು. ಪೆನ್ನು ಹಿಡಿದರೆ ಜಾರುತ್ತಿತ್ತು. ಹಾಗಾಗಿ ಮೊದಲ ಅರ್ಧ ಗಂಟೆ ನಾನು ಬರೆಯುತ್ತಿರಲಿಲ್ಲ. ಕೈಯನ್ನು ಚಡ್ಡಿಗೆ ಒರೆಸಿ, ಬೆಂಚಿನ ಮೇಲೆ ಬೆರಳು ಬಿಡಿಸಿಟ್ಟು ಒಣಗುವುದನ್ನೇ ಕಾಯುತ್ತಿದ್ದೆ. ಮೇಷ್ಟ್ರಿಗೆ ಗೊತ್ತಿತ್ತು. ಲೆಕ್ಕವನ್ನು ಅವರು ಕೊನೆಗೇ ಇಟ್ಟುಕೊಳ್ಳುತ್ತಿದ್ದರು. ಅಷ್ಟಾಗಿಯೂ ಲೆಕ್ಕದಲ್ಲಿ ಒಮ್ಮೆ ಡುಮ್ಕಿ ಹೊಡೆದು, 1977ರಲ್ಲಿ ಎಸ್‌ಎಸ್‌ಸಿ ಪಾಸಾದೆ. ಮೂರು ಹೋಟೆಲು ಬದಲಾದವು, ಶಾಲೆ ಒಂದೇ.

ನಿನ್ನ ಹತ್ತಿರ ನಾನು ಕೇಳಬೇಕೆಂದಿದ್ದದ್ದು ಇದನ್ನೇ. ಐರೋಲಿಯಲ್ಲಿ ನಾಲ್ಕು ವರ್ಷ ಹತ್ತು ತಿಂಗಳು ಇದ್ದೀಯಲ್ಲ, ಅಲ್ಲಿಂದ ಲೋವರ್ ಪರೇಲ್‌ಗೆ ಹೋಗುವಾಗ ನೀನು ಹೊತ್ತುಕೊಂಡು ಹೋಗುವ ವಿದ್ಯೆ ಯಾವುದು? ಇಲ್ಲಿ ಒಳ್ಳೆ ಟೀಮ್ ಲೀಡರ್ ಹತ್ತಿರ ಡೇಟಾಬೇಸ್ ಕೆಲಸ ಕಲಿಯುತ್ತಿದ್ದೇನೆ ಎಂದು ನೀನೇ ಹೇಳಿದ್ದೆ. ಅಲ್ಲಿ ಏನು ಕೆಲಸ ಎಂದು ಕೇಳಿದರೆ, "ಕ್ಲೈಂಟ್ ಕೋಆರ್ಡಿನೇಷನ್ ಮಾವಾ, ಬಹಳ ಕಾಲ್ ಇರುತ್ತದೆ" ಎಂದೆ. ಅದು ಕೆಟ್ಟ ಕೆಲಸ ಎಂದಲ್ಲ. ಆದರೆ ಅಲ್ಲಿ ಎರಡು ವರ್ಷ ಕಳೆದ ಮೇಲೆ ಡೇಟಾಬೇಸು ನಿನ್ನ ಕೈಯಲ್ಲಿ ಉಳಿದಿರುತ್ತದಾ, ಮರೆತು ಹೋಗಿರುತ್ತದಾ? ಎಐ ಬಂದು ಎಲ್ಲರ ಕೆಲಸ ಹೋಗುತ್ತದೆ ಎಂದು ನೀವು ಗೆಳೆಯರು ಮಾತಾಡಿಕೊಳ್ಳುವುದನ್ನೂ ಕೇಳಿದ್ದೇನೆ. ಹೋಗಲಿಕ್ಕೂ ಸಾಕು. ನನ್ನದು ಹೋದದ್ದು ಹೇಗೆಂದು ಹೇಳುತ್ತೇನೆ ಕೇಳು.

ಎಸ್‌ಎಸ್‌ಸಿ ಆದಮೇಲೆ ಟೈಪಿಂಗ್ ಕಲಿತು ವಾಗ್ಳೆ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಕ್ಲಾರ್ಕ್ ಆದೆ. ಎರಡು ವರ್ಷವಾದ ಮೇಲೆ ಒಂದು ದಿನ ಮಾಲೀಕರು ಎಲ್ಲರೆದುರು ಏನೋ ಅಂದರು, ನಾನು ಕಾಗದದಲ್ಲಿ ಎರಡು ಸಾಲು ಗೀಚಿ ಮೇಜಿನ ಮೇಲೆ ಎಸೆದು ಬಂದೆ. ಇಪ್ಪತ್ತೆರಡರ ಬಿಸಿರಕ್ತ. ಠಾಣೆ ಸ್ಟೇಷನ್ನಿನ ತನಕ ಎದೆ ಉಬ್ಬಿಸಿಕೊಂಡೇ ನಡೆದೆ. ಮೂರು ವಾರದ ಮೇಲೆ ಠಾಣೆ–ಬೇಲಾಪುರ ರಸ್ತೆಯ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಅವರು ಕೇಳಿದ್ದು ಒಂದೇ, ಹಿಂದಿನ ಕಡೆಯ ಅನುಭವ ಪತ್ರ. ಮತ್ತೆ ಅದೇ ವಾಗ್ಳೆ ಎಸ್ಟೇಟಿನ ಗೇಟು. ನಾಲ್ಕು ಸಲ ಹೋದೆ, ಮೂರು ಸಲ ವಾಚ್‌ಮನ್ ಒಳಗೇ ಬಿಡಲಿಲ್ಲ. ನಾಲ್ಕನೇ ಸಲ ಅಲ್ಲಿನ ಟೈಪಿಸ್ಟ್, ಕುಂದಾಪುರದ ಕಡೆಯವರು, ಮಾಲೀಕರು ಚಾ ಕುಡಿದು ಒಳ್ಳೆ ಮೂಡಿನಲ್ಲಿರುವಾಗ ಪತ್ರ ಟೈಪ್ ಮಾಡಿ ಸಹಿ ಹಾಕಿಸಿ, ಗೇಟಿನ ಸಂದಿಯಿಂದ ಕೈಗೆ ಕೊಟ್ಟರು. ನಾನು ಕೈ ಮುಗಿದೆ. ಅದಾದ ಮೇಲೆ ಐದು ಕಡೆ ಕೆಲಸ ಬಿಟ್ಟಿದ್ದೇನೆ. ಒಂದು ಕಡೆಯೂ ರಿಲೀವಿಂಗ್ ಲೆಟರ್ ಕೈಗೆ ಬರದೆ, ಜತೆಗಾರರಿಗೆ ಚಾ ಕುಡಿಸದೆ ಹೊರಟಿಲ್ಲ. ಒಂದು ಕಡೆಯಂತೂ ಗೇಟಿಗೆ ಬೀಗ ಜಡಿದವರು ಅವರೇ, ಅಲ್ಲೂ ಪತ್ರ ತೆಗೆದುಕೊಂಡೇ ಬಂದೆ.

ಆ ಫ್ಯಾಕ್ಟರಿಯೇ ಹದಿನೆಂಟು ವರ್ಷದ್ದು. 1998ರಲ್ಲಿ ಮುಚ್ಚಿತು. ಆ ರಸ್ತೆಯುದ್ದಕ್ಕೂ ಆಗ ಕೆಮಿಕಲ್ಲು, ಎಂಜಿನಿಯರಿಂಗು ಕಂಪನಿಗಳು, ಎಷ್ಟೋ ಕಡೆ ಗೇಟಿಗೆ ನೋಟಿಸ್ ಅಂಟಿತ್ತು. ನೀನು ಈಗ ಎಸಿಯಲ್ಲಿ ಕೂರುವ ಗಾಜಿನ ಕಟ್ಟಡಗಳು ಬಂದದ್ದು ಆಮೇಲೆ, ಅದೇ ರಸ್ತೆಯ ಬದಿಗೆ. ನಲವತ್ತು ವರ್ಷ, ಇಬ್ಬರು ಮಕ್ಕಳು, ಡೊಂಬಿವಲಿಯ ಈ ಮನೆಯ ಕಂತು. ಲೆಡ್ಜರ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಆದರೆ ಇಂಟರ್‌ವ್ಯೂಗೆ ಹೋದ ಕಡೆಯೆಲ್ಲ "ಟ್ಯಾಲಿ ಬರುತ್ತಾ?" ಎಂದೇ ಕೇಳುತ್ತಿದ್ದರು. ನಮ್ಮ ಬೆಂಗಳೂರಿನ ಕಂಪನಿಯವರು ಮಾಡಿದ ಸಾಫ್ಟ್‌ವೇರು, ನಮ್ಮ ಕೈಯ ಪೆನ್ನನ್ನೇ ಕಸಿದುಕೊಂಡಿತು ನೋಡು. ಮಾನಪಾಡಾ ರಸ್ತೆಯ ಒಂದು ಮಹಡಿಯ ಮೇಲೆ ಸಂಜೆ ಕ್ಲಾಸಿತ್ತು. ಕಲಿಸುವ ಹುಡುಗಿಗೆ ಇಪ್ಪತ್ತು ಇಪ್ಪತ್ತೊಂದು ಇರಬೇಕು, ನನ್ನನ್ನು "ಕಾಕಾ" ಎಂದು ಕರೆಯುತ್ತಿದ್ದಳು. ಕಾಲೇಜು ಹುಡುಗರ ನಡುವೆ ನಾನೊಬ್ಬ ಬಿಳಿಕೂದಲಿನವ. ಮೊದಲ ದಿನ ಮೌಸ್ ಹಿಡಿದರೆ ಬಾಣ ಪರದೆಯ ಮೂಲೆಗೆ ಓಡಿಹೋಗುತ್ತಿತ್ತು, ಬೆವರಿಗೆ ಕೈ ಜಾರುತ್ತಿತ್ತು. ಅಂಗೈ ಪ್ಯಾಂಟಿಗೆ ಒರೆಸಿ ಮೇಜಿನ ಮೇಲೆ ಬೆರಳು ಬಿಡಿಸಿಟ್ಟಾಗ ಫೋರ್ಟಿನ ಆ ಬೆಂಚು ನೆನಪಾಯಿತು. ಮೂರು ತಿಂಗಳಲ್ಲಿ ಕಲಿತೆ. ಉಳಿದ ನಾಲ್ಕು ಆಫೀಸುಗಳು ಅನ್ನ ಕೊಟ್ಟದ್ದು ಆ ಮೂರು ತಿಂಗಳ ಕ್ಲಾಸಿನಿಂದ.

ಇನ್ನು ಲೆಕ್ಕದ ವಿಷಯ. ಎಷ್ಟಾದರೂ ಅಕೌಂಟ್ಸಿನವ, ಬಿಡಲಿಕ್ಕಾಗುವುದಿಲ್ಲ.

ನಿನಗೆ ನೋಟಿಸ್ ಪೀರಿಯಡ್ ತೊಂಬತ್ತು ದಿನ. ಹೊಸ ಕಂಪನಿಯವರು "ಬೈಔಟ್ ಮಾಡಿಕೊಳ್ಳುತ್ತೇವೆ, ಒಂದು ತಿಂಗಳಲ್ಲಿ ಬಾ" ಎನ್ನುತ್ತಿದ್ದಾರೆ. ಒಂದು ತಿಂಗಳಲ್ಲಿ ಹೋದರೆ ನಿನ್ನದು ನಾಲ್ಕು ವರ್ಷ ಹನ್ನೊಂದು ತಿಂಗಳು. ತೊಂಬತ್ತು ದಿನ ಪೂರ್ತಿ ಮಾಡಿದರೆ ಐದು ವರ್ಷ ದಾಟುತ್ತದೆ. ಗ್ರಾಚ್ಯುಟಿಗೆ ಐದು ವರ್ಷ ಬೇಕು, 1972ರ ಕಾನೂನಿನಿಂದ ಬಂದ ಲೆಕ್ಕ ಅದು. ಐದನೇ ವರ್ಷದಲ್ಲಿ 240 ದಿನವಾದರೆ ಸಾಕು ಎಂದು ಮದ್ರಾಸ್ ಹೈಕೋರ್ಟಿನ ಒಂದು ತೀರ್ಪು ಇದೆ, ಆದರೆ ಅದನ್ನು ಹಿಡಿದುಕೊಂಡು ಎಚ್‌ಆರ್ ಹತ್ತಿರ ವಾದ ಮಾಡುತ್ತ ಕೂರುವವರು ಯಾರು? ನಿನ್ನ ಬೇಸಿಕ್ 26,000 ಎಂದೆಯಲ್ಲ, ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕ. ವರ್ಷಕ್ಕೆ 15,000, ಐದಕ್ಕೆ 75,000. ಇದು ಕಂಪನಿ ಧರ್ಮಕ್ಕೆ ಕೊಡುವುದಲ್ಲ. ನಿನ್ನ ಹಳೆಯ ಆಫರ್ ಲೆಟರ್ ತೆಗೆದು ನೋಡು, ಸಿಟಿಸಿಯ ಪಟ್ಟಿಯಲ್ಲಿ ಬೇಸಿಕ್ಕಿನ 4.81 ಪರ್ಸೆಂಟ್ ಎಂದು ಒಂದು ಸಾಲು ಇದ್ದರೂ ಇರಬಹುದು. ಇದ್ದರೆ, ಐದು ವರ್ಷ ನಿನ್ನ ಸಂಬಳವೆಂದು ಎಣಿಸಿ ತೋರಿಸಿದ ದುಡ್ಡನ್ನು ಎರಡು ತಿಂಗಳ ಅವಸರಕ್ಕೆ ಬಿಟ್ಟು ಬಂದ ಹಾಗೆ.

ಪಿಎಫ್ ಮಾತ್ರ ತೆಗೆಯಬೇಡ. ಯುಎಎನ್ ನಂಬರು ಒಂದೇ ಇರುತ್ತದೆ, ಹೊಸ ಕಡೆಗೆ ವರ್ಗ ಮಾಡಿಸಿಕೋ. ನಿನ್ನ ಗೆಳೆಯ ಪ್ರತಿ ಸಲ ಕೆಲಸ ಬಿಟ್ಟಾಗಲೂ ಎಲ್ಲ ತೆಗೆದು ಬೈಕಿಗೆ, ಫೋನಿಗೆ ಹಾಕುತ್ತಾನಲ್ಲ, ಪೆನ್ಷನ್ನಿಗೆ ಹತ್ತು ವರ್ಷದ ಸೇವೆ ಬೇಕೆಂಬುದು ಅವನ ತಲೆಗೆ ಹೋಗಿಲ್ಲ. ಪೆನ್ಷನ್ನಿನ ಹಣವನ್ನೂ ತೆಗೆದುಕೊಂಡರೆ ಎಣಿಕೆ ಮತ್ತೆ ಸೊನ್ನೆಯಿಂದ.

ಮತ್ತೆ ರೈಲು. ಈಗ ನೀನು ಠಾಣೆಯಲ್ಲಿ ಇಳಿದು ವಾಶಿ ಲೋಕಲ್ ಹಿಡಿದರೆ ಮನೆಯಿಂದ ಆಫೀಸಿಗೆ ಒಂದು ಗಂಟೆ. ಲೋವರ್ ಪರೇಲ್ ಎಂದರೆ ಕರ್ರಿ ರೋಡಿನಲ್ಲಿ ಇಳಿದು ನಡೆಯುವುದೂ ಸೇರಿ ಒಂದು ಗಂಟೆ ನಲವತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಹೋಗಿ ಬರುವುದಕ್ಕೆ ದಿನಕ್ಕೆ ಎಂಬತ್ತು ನಿಮಿಷ ಹೆಚ್ಚು, ಇಪ್ಪತ್ತೆರಡು ದಿನಕ್ಕೆ ಇಪ್ಪತ್ತೊಂಬತ್ತು ಗಂಟೆ. ನಲವತ್ತು ಪರ್ಸೆಂಟನ್ನು ಆ ಗಂಟೆಗಳಿಗೂ ಸೇರಿಸಿ ಭಾಗಿಸಿ ನೋಡು, ಎಷ್ಟು ಉಳಿಯುತ್ತದೆ ಎಂದು. ಡೊಂಬಿವಲಿಯ ಬೆಳಗಿನ ಎಂಟೂವರೆಯ ಫಾಸ್ಟ್ ಲೋಕಲ್ ಏನೆಂದು ನಾನು ನಿನಗೆ ವಿವರಿಸಬೇಕಾಗಿಲ್ಲ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಬಾಗಿಲಿಗೆ ನೇತಾಡುತ್ತಿದ್ದವರು ಬಿದ್ದರಲ್ಲ, ಆ ದಿನ ನೀನು ಐರೋಲಿ ತಲುಪಿ ಫೋನ್ ಮಾಡುವವರೆಗೆ ನಿನ್ನಮ್ಮ ಬಾಲ್ಕನಿಯಿಂದ ಕದಲಲಿಲ್ಲ. ಅವಳು ಬಾಯಲ್ಲಿ ಹೇಳುವುದು ಹದಿನೆಂಟು ವರ್ಷದ ಮಾತು. ಒಳಗೆ ಇರುವ ಹೆದರಿಕೆ ಮುಂಬ್ರಾದ್ದು.

ಇಷ್ಟೆಲ್ಲ ಓದಿ ಮಾವ ಬೇಡ ಎನ್ನುತ್ತಿದ್ದಾನೆ ಎಂದುಕೊಳ್ಳಬೇಡ. ನಿನಗೆ ಮದುವೆಯ ಮಾತು ನಡೆಯುತ್ತಿದೆ, ಕಲ್ಯಾಣದಲ್ಲಿ ಫ್ಲ್ಯಾಟ್ ನೋಡುತ್ತಿದ್ದೀಯ, ದುಡ್ಡು ಬೇಕು. ಹೋಗಲೂಬಹುದು. ಹೋಗುವುದಾದರೆ ಸೋಮವಾರ ಅವರ ಎಚ್‌ಆರ್‌ಗೆ ಫೋನ್ ಮಾಡಿ ತೊಂಬತ್ತು ದಿನ ಕೇಳು. ನೀನು ನಿಜವಾಗಿಯೂ ಬೇಕಾದವನಾದರೆ ಕಾಯುತ್ತಾರೆ. ಕಾಯದಿದ್ದರೆ ಅದರಿಂದಲೂ ಒಂದು ವಿಷಯ ಗೊತ್ತಾಗುತ್ತದೆ. ಹಾಗೆಯೇ ನಿನಗೆ ಬಾಸ್ ಆಗುವವರ ಹತ್ತಿರ, ಎಚ್‌ಆರ್ ಹತ್ತಿರ ಅಲ್ಲ, ಡೇಟಾಬೇಸ್ ಕೆಲಸ ವಾರದಲ್ಲಿ ಸ್ವಲ್ಪವಾದರೂ ಸಿಗುತ್ತದಾ, ಸಂಜೆ ಎಷ್ಟಕ್ಕೆ ಬಿಡುತ್ತಾರೆ ಎಂದು ನಾಚಿಕೆಯಿಲ್ಲದೆ ಕೇಳು.

ಮುಂದಿನ ಭಾನುವಾರ ಬರುವಾಗ ಹಳೆಯ ಆಫರ್ ಲೆಟರೂ ಮೂರು ತಿಂಗಳ ಸ್ಯಾಲರಿ ಸ್ಲಿಪ್ಪೂ ಪ್ರಿಂಟ್ ತೆಗೆದು ತಾ. ಮೊಬೈಲಿನಲ್ಲಿ ತೋರಿಸಬೇಡ, ನನಗೆ ಪೆನ್ಸಿಲ್ ಇಟ್ಟುಕೊಂಡು ನೋಡಿದರೇ ಸಮಾಧಾನ. ಬಂಗುಡೆ ನಾನು ತರುತ್ತೇನೆ ಎಂದು ಅಮ್ಮನಿಗೆ ಹೇಳು.