ಟೊಮೇಟೊ ಮಡಿಗೆ ದಿನಕ್ಕೆ ಎಷ್ಟು ನೀರು?

ಜನ್ನಾಪುರದ ಕಡೆ ಭದ್ರಾ ನಾಲೆಗೆ ನೀರು ಬಿಟ್ಟಾಗ ಯಾರೂ ಲೆಕ್ಕ ಇಡುವುದಿಲ್ಲ. ನಾಲೆ ನಿಂತ ಮೇಲೆ ಬಾವಿಯೇ ಗತಿ. ಆಗ ಒಂದು ಮಡಿಗೆ ಹೆಚ್ಚು ಹೊಯ್ದರೆ ಇನ್ನೊಂದು ಒಣಗುತ್ತದೆ.

ಸ್ನೇಹಿತರೇ, ನೆಲದ ಮೇಲೆ 1 ಮಿ.ಮೀ. ನೀರು ಎಂದರೆ ಒಂದು ಚದರ ಮೀಟರಿಗೆ 1 ಲೀಟರ್. ಇಷ್ಟು ನೆನಪಿರಲಿ. ಹವಾಮಾನ ಕೇಂದ್ರಗಳಲ್ಲಿ ಸುಮಾರು 4 ಅಡಿ ಅಗಲದ ಲೋಹದ ಬಾನಿಯಲ್ಲಿ ನೀರಿಟ್ಟು, ದಿನಕ್ಕೆ ಎಷ್ಟು ಆವಿಯಾಯಿತೆಂದು ಅಳೆಯುತ್ತಾರೆ. 6 ಮಿ.ಮೀ. ಇಳಿಯಿತು ಎನ್ನಿ. ಬಾನಿಯ ನೀರು ಬೇಗ ಆರುವುದರಿಂದ ಅದನ್ನು 0.7ರಿಂದ ಗುಣಿಸಬೇಕು: 4.2. ಕಾಯಿ ತುಂಬಿದ ಟೊಮೇಟೊಗೆ ಮತ್ತೆ 1.15ರಿಂದ ಗುಣಿಸಿದರೆ ಸುಮಾರು 5 ಮಿ.ಮೀ. ಅಂದರೆ 10 ಚದರ ಮೀಟರ್ ಮಡಿಗೆ 50 ಲೀಟರ್. ಎಳೆ ಸಸಿಗೆ 0.6 ಸಾಕು, 25 ಲೀಟರ್. ಅರ್ಧಕ್ಕರ್ಧ! ಎಷ್ಟೋ ಜನ ಎರಡಕ್ಕೂ ಒಂದೇ ಸಮ ಹೊಯ್ತಾರೆ. ಮಳೆ ಬಂದರೆ ಅಷ್ಟು ಕಳೆಯಿರಿ.

ನಮ್ಮಜ್ಜಿಗೆ ಈ ಗುಣಾಕಾರ ಬೇಡ. ಗೇಣುದ್ದ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಉಂಡೆ ಕಟ್ಟಿದರೆ "ಇವತ್ತು ಬ್ಯಾಡ, ನಾಳೆ ನೋಡಣ" ಅಂತಾರೆ. ಲೆಕ್ಕ ಮಾಡಿದ ಮೇಲೂ ನಾನು ಇದನ್ನು ನೋಡುತ್ತೇನೆ, ಯಾಕೆಂದರೆ ಮರಳು ಮಣ್ಣು ಬೇಗ ಆರುತ್ತೆ, ಜೇಡಿ ಆರಲ್ಲ. ಗಿಡ ಒಣಗಿಸಿ ಆಮೇಲೆ ಒಮ್ಮೆಲೇ ತುಂಬ ಹೊಯ್ದರೆ ಹಣ್ಣು ಬಿರಿಯುತ್ತದೆ. ಬಿರಿದ ಹಣ್ಣಿಗೆ ಸಂತೆಯಲ್ಲಿ ಅರ್ಧ ಬೆಲೆಯೂ ಇಲ್ಲ.