ಹೆಂಚಿನ ಮೇಲೆ ಪಾಚಿ: ಪ್ರೆಷರ್ ವಾಷರ್ ಬೇಡ

ಪ್ರಶ್ನೆ: ತೀರ್ಥಹಳ್ಳಿ ಬಳಿ ನಮ್ಮದು ಹಳೆಯ ಮಂಗಳೂರು ಹೆಂಚಿನ ಮನೆ. ಮರದ ನೆರಳಿರುವ ಬದಿಯಲ್ಲಿ ಪಾಚಿ ದಪ್ಪಗೆ ಬೆಳೆದು ಮಳೆಗಾಲದಲ್ಲಿ ಸೋರುತ್ತದೆ. ಪ್ರೆಷರ್ ವಾಷರ್ ಹೊಡೆಸಬಹುದೇ?

ಉತ್ತರ: ಬೇಡ. ಆ ರಭಸಕ್ಕೆ ಹೆಂಚಿನ ಮೇಲ್ಮೈ ಕಿತ್ತುಹೋಗುತ್ತದೆ, ನೀರು ಸಂದಿಗೆ ನುಗ್ಗಿ ರೀಪು ನೆನೆಯುತ್ತದೆ. ಹಸಿರು ಬಣ್ಣವಷ್ಟೇ ಆಗಿದ್ದರೆ ಸುಮ್ಮನೆ ಬಿಡಿ ಎನ್ನುತ್ತಿದ್ದೆ. ಆದರೆ ದಪ್ಪ ಪಾಚಿ ಹೆಂಚು ಕೂಡುವ ತೋಡನ್ನು ಮುಚ್ಚಿ, ಇಳಿಯಬೇಕಾದ ನೀರನ್ನು ಒಳಕ್ಕೆ ತಿರುಗಿಸುತ್ತದೆ. ನಿಮ್ಮ ಸೋರಿಕೆಗೆ ಬಹುಶಃ ಇದೇ ಕಾರಣ.

ಮಳೆ ಪೂರ್ತಿ ನಿಂತು ಪಾಚಿ ಒಣಗುವವರೆಗೆ ಕಾಯಿರಿ. ಜನವರಿಯ ನಂತರ ಗಟ್ಟಿ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಕೆರೆಸಿ. ತಂತಿ ಬ್ರಷ್ ಬಳಸಬೇಡಿ. ಒಡೆದ ಹೆಂಚನ್ನು ಆಗಲೇ ಬದಲಿಸಿ. ಉಳಿದ ಕಲೆಗೆ ತೆಳುವಾದ ಬ್ಲೀಚಿಂಗ್ ಪೌಡರ್ ನೀರು ಸಾಕು. ಅದಕ್ಕೆ ಆ್ಯಸಿಡ್ ಮಾತ್ರ ಬೆರೆಸಲೇಬೇಡಿ, ವಿಷಾನಿಲ ಏಳುತ್ತದೆ. ಮಳೆನೀರು ತೊಟ್ಟಿಗೆ ಇಳಿಯುವುದಾದರೆ ಮೊದಲೇ ಪೈಪ್ ತಪ್ಪಿಸಿ. ತೋಟಕ್ಕೆ ತಂದ ಮೈಲುತುತ್ತ ಎರಚುವವರೂ ಇದ್ದಾರೆ. ಅದು ಪಾಚಿಯನ್ನು ಕೊಲ್ಲುತ್ತದೆ ನಿಜ, ಜೊತೆಗೆ ಮಾಡಿನ ನೀರಿಳಿಯುವ ತಗಡಿನ ದೋಣಿಯನ್ನೂ ತಿನ್ನುತ್ತದೆ.

ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಿ, ಬಿಸಿಲು ಬೀಳಲಿ. ಇಲ್ಲವಾದರೆ ಎಷ್ಟು ಕೆರೆದರೂ ಪಾಚಿ ಮತ್ತೆ ಬರುತ್ತದೆ.

ಮೇಲೆ ಹತ್ತುವ ಕೆಲಸ ಅನುಭವಿ ಹೆಂಚು ಕೆಲಸದವರಿಗೆ ಬಿಡಿ. ಹಗ್ಗ ಕಟ್ಟಿಕೊಂಡೇ ಹತ್ತಲಿ. ರೀಪು ಮೆತ್ತಗಾಗಿದ್ದರೆ ಅಥವಾ ಮಾಡು ಕುಸಿದಂತೆ ಕಂಡರೆ ಬಡಗಿಯನ್ನೋ ಎಂಜಿನಿಯರನ್ನೋ ಕರೆಸಿ. ಕೊಟ್ಟಿಗೆಗೆ ಹಳೆಯ ಆಸ್ಬೆಸ್ಟಾಸ್ ಶೀಟ್ ಇದ್ದರೆ ಅದನ್ನು ಉಜ್ಜಲೇಬೇಡಿ. ಅದರ ನಾರು ಶ್ವಾಸಕೋಶಕ್ಕೆ ಅಪಾಯ.